ವೆಂಡೆಲ್ ಬಂದರೆ ಟೋಬಿ ಎಲ್ಲಿಗೆ ಹೋಗಬೇಕು?

೧

ಕಥೆಯನ್ನು ಚೆಂಡಿನಿಂದ ಶುರು ಮಾಡಲೋ, ಎಸೆದವನಿಂದಲೋ, ಅಥವಾ ಅದು ಹೋಗಿ ಬಡಿದವನಿಂದಲೋ?

ಮೊದಲ ಕರಡು ಹೀಗಿತ್ತು: ‘ಓಹಾಯೋ ನದಿಯ ಮೇಲೆ ಬಂಗಾರದ ಬಿಸಿಲು ಚೆಲ್ಲಿತ್ತು.’ ನಮ್ಮೂರಿನ ಬೇಸ್‌ಬಾಲ್ ತಂಡ ‘ಮಿಂಚುಳ್ಳಿಗಳು’; ಅದನ್ನು ನಡೆಸುವ ಲೊರೆಟ್ಟಾ ಕುಬಿಯಾಕ್ ಈ ಸಾಲನ್ನು ಓದಿ, ನಿನ್ನ ಕೋಣೆಯ ಕಿಟಕಿ ಇರುವುದು ಪಾರ್ಕಿಂಗ್ ಕಡೆಗಲ್ಲವೇ ಎಂದು ಕೇಳಿದರು. ಬಂಗಾರದ ಬಿಸಿಲು ಅಲ್ಲಿಗೆ ಮುಳುಗಿತು.

(ನಾನು ಯಾರೆಂದರೆ, ಈ ಮೈದಾನದಲ್ಲಿ ಮೈಕಿನ ಮುಂದೆ ಕೂತು ಆಟಗಾರರ ಹೆಸರು ಕೂಗುವವನು. ಹೆಸರು ಕೂಗಿದಷ್ಟು ಸುಲಭವಾಗಿ ಕಥೆಯನ್ನೂ ಬರೆಯಬಹುದು ಎಂದುಕೊಂಡಿದ್ದೆ. ನಗಬೇಡಿ.)

೨

ಸರಿ, ವೆಂಡೆಲ್ ಟ್ರಾಸ್ಕ್‌ನಿಂದಲೇ ಶುರು ಮಾಡೋಣ. ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವನು. ಅವನ ಕೈ ಕೂಡಿಬಂದ ದಿನ ಎದುರು ತಂಡದವರು ಬ್ಯಾಟನ್ನು ಗಾಳಿಗೆ ತೋರಿಸಿ ವಾಪಸ್ ತರುತ್ತಿದ್ದರು. ಕೂಡಿಬಾರದ ದಿನ ಚೆಂಡು ಬ್ಯಾಟುಗಾರನ ಬೆನ್ನಿಗೆ, ಅಂಪೈರನ ಮುಖವಾಡಕ್ಕೆ, ಒಮ್ಮೆ ಹಾಟ್‌ಡಾಗ್ ಅಂಗಡಿಯ ಸಾಸಿವೆ ಡಬ್ಬಕ್ಕೂ ಹೋದದ್ದುಂಟು. ಇವತ್ತು ಯಾವ ದಿನ ಎಂಬುದು ಮಾತ್ರ ಮೊದಲ ಚೆಂಡಿನವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನಿಗಂತೂ ಮೊದಲೇ ಇಲ್ಲ.

ಹಿಂದೆ ನಮ್ಮ ತಂಡದಲ್ಲಿದ್ದಾಗ ಒಂದು ಫೈನಲ್‌ನಲ್ಲಿ ಗುರಿ ತಪ್ಪಿ ತಪ್ಪಿ ಎಸೆದು, ಎದುರಾಳಿಗಳಿಗೆ ಒಂದರ ಮೇಲೊಂದು ಬೇಸನ್ನು ಪುಕ್ಕಟೆ ದಾನ ಮಾಡಿ, ಗೆದ್ದಂತಿದ್ದ ಮ್ಯಾಚನ್ನು ಬ್ಯಾಟಿನ ಸದ್ದೇ ಇಲ್ಲದೆ ಕೈಚೆಲ್ಲಿದ. ಮಾರನೆಯ ವಾರ ದೊಡ್ಡ ತಂಡವೊಂದು ಅವನನ್ನು ಕರೆದುಕೊಂಡಿತು. (ದೊಡ್ಡ ತಂಡಗಳ ಜಾಣತನದ ಬಗ್ಗೆ ಬೇರೆ ಕಥೆ ಬರೆಯಬೇಕು.) ಭುಜ ಕೈಕೊಟ್ಟು ಅವರೂ ಬಿಟ್ಟ ಮೇಲೆ ಭಾವನ ಟೈರ್ ಅಂಗಡಿಯಲ್ಲಿದ್ದವನು ಈ ಬೇಸಿಗೆಯಲ್ಲಿ ಲೊರೆಟ್ಟಾಗೆ ಫೋನು ಮಾಡಿ, ಭುಜ ಸರಿಹೋಗಿದೆ, ವಾಪಸ್ ಬರಲೇ ಎಂದು ಕೇಳಿದ.

ನಮ್ಮ ತಂಡವೋ, ಸೋಲಿನಲ್ಲಿ ಒಳ್ಳೆಯ ಶಿಸ್ತು ಕಾಪಾಡಿಕೊಂಡಿತ್ತು. ಲೊರೆಟ್ಟಾ ತಕ್ಷಣ ಸಭೆ ಕರೆದರು. ಕೋಚ್ ಎಮೆಟ್ ಪ್ರುಯಿಟ್, ಅವನು ಬಂದರೆ ತಾನು ಬಿ.ಪಿ. ಮಾತ್ರೆ ಬದಲಿಸಬೇಕಾಗುತ್ತದೆ ಎಂದರು. ಪಿಚರ್ ಎಸೆದದ್ದನ್ನು ಹಿಡಿಯುವ ಕ್ಯಾಚರ್ ರೂಬೆನ್ ಒಲಿವಾರೆಸ್‌ನ ಬಲಗೈ ಬೆರಳೊಂದು ವೆಂಡೆಲ್‌ನ ಕೃಪೆಯಿಂದ ಇಂದಿಗೂ ಸೊಟ್ಟಗಿದೆ. ಅದಕ್ಕೇ ಅವನನ್ನು ಸಾಕ್ಷಿಗೆ ಕರೆಸಿದ್ದರು.

“ಅವನ ಚೆಂಡು ಎಲ್ಲಿಗೆ ಬರುತ್ತೆ ಅಂತ ನನಗೂ ಗೊತ್ತಿರಲ್ಲ, ಅವನಿಗೂ ಗೊತ್ತಿರಲ್ಲ,” ಎಂದ ರೂಬೆನ್. “ಪಾಪ, ಬ್ಯಾಟ್ ಹಿಡ್ಕೊಂಡವನಿಗೆ ಹೇಗೆ ಗೊತ್ತಾಗ್ಬೇಕು? ಕರ್ಕೊಳ್ಳಿ ಮೇಡಂ.”

ಆದರೆ ತಂಡದಲ್ಲಿ ಜಾಗವಿರಲಿಲ್ಲ. ಒಬ್ಬನನ್ನು ಕಳಿಸಿದರೆ ಮಾತ್ರ ಇನ್ನೊಬ್ಬ.  ಲೊರೆಟ್ಟಾ ಟೋಬಿ ಹ್ಯಾನ್ಸೆನ್‌ನ ಹೆಸರು ಹೇಳಿದರು. ಬಿ.ಪಿ. ಬಗ್ಗೆ ಅಷ್ಟು ಚಿಂತೆಯಿದ್ದ ಎಮೆಟ್ ಕೂಡ ಕೈ ಎತ್ತಿದರು.

೩

ಇಲ್ಲಿ ಟೋಬಿಯ ವರ್ಣನೆ ಬರಬೇಕು. ನಾಲ್ಕು ಸಲ ಪ್ರಯತ್ನಿಸಿದೆ. ಟೋಬಿ ಪಿಚರ್. ಹೇಳಿದ ಹೊತ್ತಿಗೆ ಬರುತ್ತಾನೆ. ಹೇಳಿದಲ್ಲಿಗೆ ಎಸೆಯುತ್ತಾನೆ. ಬೇರೆಯವರು ಕೆಡಿಸಿಟ್ಟ ಮ್ಯಾಚಿನ ನಡುವೆ ಹೋಗಿ ನಿಂತು ಇನ್ನಷ್ಟು ಕೆಡದಂತೆ ನೋಡಿಕೊಳ್ಳುತ್ತಾನೆ. ಮುಗಿಯಿತು.

ಕರಡು ಓದಿದ ಟೋಬಿ, ವೆಂಡೆಲ್‌ಗೆ ಸಾಸಿವೆ ಡಬ್ಬದ ಸಮೇತ ಎರಡು ಪ್ಯಾರಾ, ನನಗೆ ನಾಲ್ಕು ಸಾಲಾ ಎಂದು ಕೇಳಿದ. ನೀನೂ ಏನಾದರೂ ಎಡವಟ್ಟು ಮಾಡು, ಬರೆಯುತ್ತೇನೆ ಎಂದೆ. ಅವನು ಸ್ವಲ್ಪ ಯೋಚಿಸಿ, ಪ್ರೌಢಶಾಲೆಯಲ್ಲಿದ್ದಾಗ ಒಮ್ಮೆ ಬಸ್ಸು ತಪ್ಪಿಸಿಕೊಂಡಿದ್ದೆ ಎಂದ.

ನೋಡಿ ಓದುಗರೇ, ನಿಮಗೂ ವೆಂಡೆಲನೇ ಬೇಕು. ಟೋಬಿಯನ್ನು ತಂಡದಿಂದ ತೆಗೆಯಲು ಕೈ ಎತ್ತಿದವರಲ್ಲಿ ನೀವೂ ಇದ್ದೀರಿ.

೪

ವೆಂಡೆಲ್ ಪರೀಕ್ಷೆಗೆಂದು ಬೆಳಿಗ್ಗೆ ಬಂದ. ಹೊಟ್ಟೆ ಸ್ವಲ್ಪ ಬಂದಿತ್ತು. ಆದರೆ ಅವನ ಮೊದಲ ಚೆಂಡು ರೂಬೆನ್‌ನ ಗ್ಲೌಸಿಗೆ ಬಿದ್ದ ಸದ್ದಿಗೆ ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿ ತಿರುಗಿ ನೋಡಿದ. ಎಸೆದದ್ದೆಲ್ಲ ಗೆರೆ ಎಳೆದಂತೆ ಹೋಯಿತು. ಕೊನೆಯದೊಂದು ಮಾತ್ರ ಬೇಲಿ ಹಾರಿ ಎಮೆಟ್‌ನ ಕಾರಿಗೆ ಬಡಿಯಿತು. ಲೊರೆಟ್ಟಾ ಅದನ್ನು ನೋಡದವರಂತೆ ಕೈಕುಲುಕಿದರು.

ಟೋಬಿಗೆ ಯಾರು ಹೇಳುವುದು? ಲೊರೆಟ್ಟಾಗೆ ಹಲ್ಲಿನ ಡಾಕ್ಟರ ಬಳಿ ಹೋಗುವುದಿತ್ತು. ಎಮೆಟ್‌ಗೆ ಕಾರಿನ ಗಾಜು ಹಾಕಿಸುವುದಿತ್ತು. ಆಗ ವೆಂಡೆಲ್, ಹೋಗುವುದು ಯಾರ ಜಾಗ ಎಂದು ಕೇಳಿದ. ಹೆಸರು ಕೇಳಿದ ಮೇಲೆ, ಕರಾರಿಗೆ ಸಹಿ ಹಾಕಲು ಹಿಡಿದಿದ್ದ ಪೆನ್ನು ಕೆಳಗಿಟ್ಟ.

“ನಾನೇ ಹೋಗಿ ಹೇಳ್ತೀನಿ. ಆಮೇಲೆ ಸಹಿ.”

(ಇಂಥ ಒಳ್ಳೆಯ ಬುದ್ಧಿ ಅವನಿಗೆ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ. ನಾನು ಬರೆದದ್ದಲ್ಲ. ನನ್ನ ಕರಡಿನಲ್ಲಿ ಅವನು ನೇರವಾಗಿ ಬಿಯರ್ ಕುಡಿಯಲು ಹೋಗುತ್ತಿದ್ದ.)

೫

ಟೋಬಿ ಗ್ಯಾರೇಜಿನಲ್ಲಿ ಮಗಳ ಸೈಕಲ್ಲಿಗೆ ಚೈನು ಹಾಕುತ್ತಿದ್ದ. ಆಮೇಲೆ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದು ಹೆಚ್ಚುಕಡಿಮೆ ಒಂದೇ ಇದೆ, ಆದ್ದರಿಂದ ನಂಬುತ್ತೇನೆ. ವೆಂಡೆಲ್ ವಿಷಯ ಹೇಳಿದ. ಕೆಟ್ಟದಾಗಿ ಹೇಳಿದ, ಹವಾಮಾನದಿಂದ ಶುರು ಮಾಡಿದ. ಟೋಬಿ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಚೈನನ್ನೇ ನೋಡುತ್ತ ನಿಂತ. ಹೆಂಡತಿಗೆ ನಾನೇ ಹೇಳುತ್ತೇನೆ, ಈಗ ಜೋರಾಗಿ ಮಾತಾಡಬೇಡ ಎಂದ.

ಹೊರಡಬೇಕಿದ್ದ ವೆಂಡೆಲ್ ಹೊರಡಲಿಲ್ಲ.

“ದಿನಾ ಒಂದೇ ಥರ ಹೇಗೋ ಎಸೀತೀಯ, ಟೋಬಿ?”

“ಬೇರೆ ಥರ ಎಸೆಯೋಕೆ ಬರಲ್ಲ ಮಾರಾಯ.” ಚೈನನ್ನು ಚಕ್ರದ ಹಲ್ಲಿಗೆ ಸಿಕ್ಕಿಸುತ್ತ ಟೋಬಿ ಕೇಳಿದ: “ನಿಂಗೆ ಎಲ್ಲ ಸರಿಯಾಗಿ ಹೋಗುತ್ತಲ್ಲ, ಆ ದಿನ... ಹೇಗಿರುತ್ತೆ?”

“ಯಾರೋ ಬೇರೆಯವನು ಎಸೀತಿದಾನೆ ಅನ್ಸುತ್ತೆ. ಮಾರನೇ ದಿನ ಅವನು ಬರಲ್ಲ. ನಾನು ಬರ್ತೀನಿ.”

ಟೋಬಿ ಚೈನು ಹಾಕಿ ಮುಗಿಸಿದ. ವೆಂಡೆಲ್ ಸೈಕಲ್ಲನ್ನು ಎತ್ತಿ ಹಿಡಿದುಕೊಂಡಿದ್ದ. ಅದಷ್ಟನ್ನು ಅವನು ಸ್ವಲ್ಪವೂ ಅಲುಗಿಸದೆ ಮಾಡಿದ.

೬

ಭಾನುವಾರ ಮಧ್ಯಾಹ್ನ ಮೈದಾನ ತುಂಬಿತ್ತು. ವೆಂಡೆಲ್‌ನ ಹೆಸರು ಕೂಗುವಾಗ ನನ್ನ ದನಿ ನನಗೇ ನಾಚಿಕೆಯಾಗುವಷ್ಟು ಕುಣಿಯಿತು. ಆರು ಸರದಿಗಳವರೆಗೆ ಯಾರೂ ಅವನ ಚೆಂಡನ್ನು ಸರಿಯಾಗಿ ಮುಟ್ಟಲಿಲ್ಲ. ಏಳನೆಯದರಲ್ಲಿ ಆ ಬೇರೆಯವನು ಎದ್ದು ಹೋದ. ಗುರಿ ತಪ್ಪಿತು, ಮತ್ತೆ ತಪ್ಪಿತು, ಮೂರೂ ಬೇಸು ಎದುರಾಳಿಗಳಿಂದ ತುಂಬಿದವು. ನಮಗಿದ್ದದ್ದು ಒಂದೇ ರನ್ನಿನ ಮುನ್ನಡೆ. ಎಮೆಟ್ ಬೆಂಚಿನಿಂದ ಎದ್ದು, ಬದಲಿ ಪಿಚರನಿಗಾಗಿ ಅತ್ತಿತ್ತ ನೋಡಿದರು. ಇಂಥ ಹೊತ್ತಿಗೆ ಅವರು ಯಾವಾಗಲೂ ಕಳಿಸುತ್ತಿದ್ದವನು ಟೋಬಿ.

ಈಗ ಅಂತ್ಯ. ಲೊರೆಟ್ಟಾಗೆ ಗೆಲುವು ಬೇಕಂತೆ, ಮುಂದಿನ ವಾರವೂ ಜನ ಬರಬೇಕಲ್ಲ. ಎಮೆಟ್‌ಗೆ ಸೋಲಾದರೂ ಪರವಾಗಿಲ್ಲ, ತಾನು ಮೊದಲೇ ಹೇಳಿದ್ದೆ ಎನ್ನಲು ಸಿಕ್ಕರೆ ಸಾಕು. ಎರಡನ್ನೂ ಬರೆದೆ. ಗೆಲುವಿನದು ಟೂತ್‌ಪೇಸ್ಟ್ ಜಾಹೀರಾತಿನಂತಿತ್ತು. ಸೋಲಿನದರಲ್ಲಿ ನಾನು ವಿಪರೀತ ಬುದ್ಧಿವಂತನಂತೆ ಕಂಡೆ. ಎರಡನ್ನೂ ಹರಿದೆ. ಸ್ಕೋರು ಬೇಕಿದ್ದವರು ಸೋಮವಾರದ ಪೇಪರು ನೋಡಿಕೊಳ್ಳಿ.

ನಾನು ಮೈಕಿನ ಗುಂಡಿ ಒತ್ತಲು ಕೈ ಚಾಚಿ, ಯಾರ ಹೆಸರು ಕೂಗಬೇಕೆಂದು ತಿಳಿಯದೆ ಮೂರನೆಯ ಬೇಸಿನ ಹಿಂದಿನ ಗ್ಯಾಲರಿ ನೋಡಿದೆ. ಅಲ್ಲಿ ಟೋಬಿ ಎದ್ದು ನಿಂತಿದ್ದ. ಮನೆಯ ಅಂಗಿ, ಎಡಗೈಯಲ್ಲಿ ಮಗಳ ಜೋಳದ ಅರಳಿನ ಪೊಟ್ಟಣ. ಬಲಭುಜವನ್ನು ಮೆಲ್ಲಗೆ ತಿರುಗಿಸುತ್ತಿದ್ದ, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಕರೆ ಬರುವ ಮುಂಚೆ ಪಿಚರುಗಳು ಮೈ ಬಿಸಿ ಮಾಡಿಕೊಳ್ಳುವಂತೆ. ತಾನು ಹಾಗೆ ಮಾಡುತ್ತಿರುವುದು ಅವನಿಗೆ ಗೊತ್ತಿರಲಿಲ್ಲ. ಹಿಂದಿನ ಸಾಲಿನವರು, ಕೂತ್ಕೊಳ್ಳಪ್ಪ, ಏನೂ ಕಾಣಿಸ್ತಿಲ್ಲ ಎಂದು ಗೊಣಗುತ್ತಿದ್ದರು.

ಕೂರಿಸಿ ಕಥೆ ಮುಗಿಸು ಎನ್ನುತ್ತೀರಿ. ನಾನು ಅವನನ್ನು ಕೂರಿಸುವುದಿಲ್ಲ.