ಕರೆದರೆ ಬಂದೇಬಿಡುವ ಅಜ್ಜ

ನಮ್ಮ ವೈಲೋತೊ ಊರಿನಲ್ಲಿ ಊಟದ ಹೊತ್ತಿಗೆ ಯಾರ ಮನೆ ಮುಂದೆಯೂ ಸುಮ್ಮನೆ ನಡೆದುಹೋಗುವ ಹಾಗಿಲ್ಲ. ಸಮೋವಾದ ಮನೆಗಳಿಗೆ ಗೋಡೆ ಇರುವುದಿಲ್ಲ. ಕಂಬ, ಸೂರು, ಚಾಪೆ ಅಷ್ಟೆ. ಒಳಗೆ ಕೂತವರಿಗೆ ದಾರಿಯಲ್ಲಿ ಹೋಗುವವರು ಕಾಣುತ್ತಾರೆ, ದಾರಿಯಲ್ಲಿ ಹೋಗುವವರಿಗೆ ತಟ್ಟೆ ಕಾಣುತ್ತದೆ. ಹಾಗಾಗಿ ಕರೆಯಲೇಬೇಕು. "ಬನ್ನಿ, ಊಟ ಮಾಡೋಣ!" ಎಂದು ಇವರು ಕೂಗುತ್ತಾರೆ. "ಈಗಷ್ಟೇ ಆಯ್ತು, ನೀವು ಮಾಡಿ!" ಎಂದು ಅವರು ಮುಂದೆ ಹೋಗುತ್ತಾರೆ. ಹೊಟ್ಟೆ ತಾಳ ಹಾಕುತ್ತಿದ್ದರೂ ಹಾಗೇ ಹೇಳಬೇಕು. ಅದು ಮರ್ಯಾದೆ.

ಸಲಫಾಯಿ ಈ ಮರ್ಯಾದೆಯಲ್ಲಿ ಎತ್ತಿದ ಕೈ. ಹೆಂಗಸರ ಸಮಿತಿಗೆ ಅವಳೇ ಯಜಮಾನಿ. ತಿಂಗಳಿಗೊಮ್ಮೆ ಸಮಿತಿಯವರು ಊರಿನ ಮನೆಗಳ ಸ್ವಚ್ಛತೆ ನೋಡಲು ಹೊರಟರೆ, ಚಾಪೆಯ ಮೂಲೆ ಎತ್ತಿ ಮೂಸುವವಳು ಅವಳು. ಅವಳಿಗೆ ಹೆದರಿ ಕೋಳಿಗಳೂ ಅಂಗಳ ಬಿಟ್ಟು ಓಡುತ್ತಿದ್ದವು ಎಂದು ಜನ ಆಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಸಲಫಾಯಿ ತೆಂಗಿನಹಾಲಿನಲ್ಲಿ ಬೆಂದ ದೊಡ್ಡ ಮೀನಿನ ತಲೆಯನ್ನು ತಟ್ಟೆಗೆ ಹಾಕಿಕೊಂಡು ಆಗಷ್ಟೇ ಕೂತಿದ್ದಳು. ಎದುರು ಮನೆಯ ಪೆನಿಯಮೀನ ಅಜ್ಜ ದಾರಿಯಲ್ಲಿ ಬಂದ.

"ಬನ್ನಿ ಅಜ್ಜ, ಊಟ ಮಾಡೋಣ!"

"ಓಹೋ, ಆಗ್ಲಿ ಆಗ್ಲಿ" ಎಂದ ಅಜ್ಜ. ನೇರ ಒಳಗೆ ಬಂದ, ಚಕ್ಕಳಮಕ್ಕಳ ಹಾಕಿ ಕೂತ, ತಟ್ಟೆ ಎಳೆದುಕೊಂಡ.

ಸಲಫಾಯಿ ತೆರೆದ ಬಾಯಿ ಮುಚ್ಚಲಿಲ್ಲ. ಮೀನಿನ ಕಣ್ಣು ಹೋಯಿತು, ಕೆನ್ನೆ ಹೋಯಿತು, ಕೊನೆಗೆ ಅಜ್ಜ ಮುಳ್ಳನ್ನೂ ಚೀಪಿ ಇಟ್ಟ. ಅಷ್ಟರಲ್ಲಿ ಅಜ್ಜನ ಮಗಳು ಲೇಯಿತು ಏದುಸಿರು ಬಿಡುತ್ತ ಓಡಿಬಂದಳು.

"ಅಯ್ಯೋ ಅತ್ತೆ, ಇಲ್ಲೂ ಊಟ ಆಯ್ತಾ? ಪಾದ್ರಿಗಳ ಮನೇಲಿ ಆಗಿದೆ, ಅಂಗಡಿಯವರ ಮನೇಲೂ ಆಗಿದೆ!"

"ಯಾರು ಊಟ ಮಾಡಿದ್ದು?" ಎಂದು ಅಜ್ಜ ಕುತೂಹಲದಿಂದ ಕೇಳಿದ.

ಸಮಿತಿಯ ಮುಂದಿನ ಸಭೆಗೆ ನರ್ಸ್ ಎಪೆನೆಸ ಬಂದಳು. ಊರಿನದೇ ಹುಡುಗಿ, ಆಸ್ಪತ್ರೆಯಲ್ಲಿ ಕೆಲಸ. ಜೀಗುಜ್ಜೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು: "ಅಜ್ಜನಿಗೆ ಮರೆವಿನ ಕಾಯಿಲೆ. ಮಿದುಳಿಗೆ ಬರೋ ಕಾಯಿಲೆ ಇದು. ವಯಸ್ಸಾದವರಿಗೆಲ್ಲ ಬರಲ್ಲ, ಬಂದವರದ್ದು ಏನೂ ತಪ್ಪಿಲ್ಲ."

"ಕಾಯಿಲೆಯಂತೆ ಕಾಯಿಲೆ!" ಎಂದಳು ಸಲಫಾಯಿ. "ನನ್ನ ಹೆಸರು ಮರೀತಾರೆ, ನನ್ನ ಮೀನು ಮಾತ್ರ ಮರೆಯಲ್ಲ. ಇದ್ಯಾವ ಸೀಮೆ ಕಾಯಿಲೆ?"

"ಮೀನೂ ಮರೆತಿದಾರೆ ಅತ್ತೆ. ಅದಕ್ಕೇ ಮತ್ತೆ ತಿಂತಾರೆ."

ಎಲ್ಲರೂ ಗೊಳ್ಳೆಂದು ನಕ್ಕರು. ಸಲಫಾಯಿ ನಗಲಿಲ್ಲ.

"ವಾಸಿ ಮಾಡೋ ಔಷಧಿ ಇಲ್ಲ" ಎಂದಳು ಎಪೆನೆಸ. "ಆದ್ರೆ ಸುತ್ತ ಜನ ಇದ್ರೆ ಅಜ್ಜ ನೆಮ್ಮದಿಯಾಗಿರ್ತಾರೆ. ಲೇಯಿತು ಒಬ್ಬಳೇ ಎಷ್ಟೂಂತ ಮಾಡ್ತಾಳೆ? ಎಲ್ಲರೂ ಸ್ವಲ್ಪ ಕೈಜೋಡಿಸಿ. ಸ್ವಲ್ಪ ಸಾಕು."

ವೈಲೋತೊದವರಿಗೆ ಎಲ್ಲ ಮಾತೂ ಅರ್ಥವಾಯಿತು, "ಸ್ವಲ್ಪ" ಒಂದನ್ನು ಬಿಟ್ಟು. ಮರುದಿನ ಒಬ್ಬಳು ಕೆಸುವಿನ ಗೆಡ್ಡೆ ಬೇಯಿಸಿ ತಂದಳು. ಅದನ್ನು ನೋಡಿದ ಪಕ್ಕದ ಮನೆಯವಳು ಕೋಳಿ ತಂದಳು. ಪಾದ್ರಿಗಳ ಹೆಂಡತಿ ಎರಡು ಕೋಳಿಯ ಜೊತೆ ಒಂದು ಕೇಕ್ ತಂದರು. ಸಲಫಾಯಿ ಸುಮ್ಮನಿರುತ್ತಾಳೆಯೇ? ಬಿಸಿ ಕಲ್ಲುಗಳ ಮೇಲೆ ಇಡೀ ಹಂದಿ ಸುಟ್ಟು, ನಾಲ್ಕು ಜನರ ಹೆಗಲ ಮೇಲೆ ಹೊರಿಸಿಕೊಂಡು ಮೆರವಣಿಗೆಯಲ್ಲಿ ಬಂದಳು.

ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸಹಾಯಕ್ಕೆ ಬಂದವರಿಗೆಲ್ಲ ಲೇಯಿತು ಕೋಕೋ ಕುದಿಸಿದಳು, ಚಾಪೆ ಹಾಸಿದಳು, ಲೋಟ ತೊಳೆದಳು. ಅವರು ಹೊರಡುವ ಹೊತ್ತಿಗೆ ಅವಳಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಅಜ್ಜ ಮಾತ್ರ "ಯಾರ ಮದುವೆ?" ಎಂದು ಖುಷಿಯಾಗಿ ಓಡಾಡಿಕೊಂಡಿದ್ದ.

ಹಂದಿ ಆದಮೇಲೆ ಉಳಿದದ್ದು ಹಸು. ಅಜ್ಜನಿಗಾಗಿ ಹಸು ಕಡಿಯುವ ಶಕ್ತಿ ಯಾರಿಗೂ ಇರಲಿಲ್ಲ. ಹಂದಿ ಬಂದ ಮನೆಗೆ ಮತ್ತೆ ಕೆಸುವಿನ ಗೆಡ್ಡೆ ಹಿಡಿದು ಹೋಗಲು ನಾಚಿಕೆ. ಹಾಗಾಗಿ ಯಾರೂ ಹೋಗಲಿಲ್ಲ. ಅಜ್ಜ ಬರುವುದು ಕಂಡರೆ ಕೆಲವರು ತಟ್ಟೆ ತೆಗೆದುಕೊಂಡು ಹಿತ್ತಿಲಿಗೆ ಜಾರತೊಡಗಿದರು. ಕರೆದರೆ ತಾನೇ ಬರೋದು!

ಲೇಯಿತು ಮತ್ತೆ ಒಂಟಿಯಾದಳು. ಹಗಲು ಅಜ್ಜನ ಹಿಂದೆ ಓಟ, ರಾತ್ರಿ ಅಜ್ಜನ ಕಾವಲು. ಒಂದು ದಿನ ಕೇದಗೆ ಎಲೆಯ ಚಾಪೆ ಹೆಣೆಯುತ್ತಾ ಕೂತಲ್ಲೇ ತೂಕಡಿಸಿದಳು. ಕಣ್ಣುಬಿಟ್ಟಾಗ ಅಜ್ಜ ಇಲ್ಲ. ಊರೆಲ್ಲ ಹುಡುಕಿದರೆ, ಭಾನುವಾರದ ಬಿಳಿ ಅಂಗಿ ತೊಟ್ಟು ಎದೆಮಟ್ಟದ ಸಮುದ್ರದಲ್ಲಿ ನಿಂತಿದ್ದ.

"ದೋಣಿ ತಡ ಆಗಿದೆ" ಎಂದ ಅಜ್ಜ.

ಲೇಯಿತು ಅಳುತ್ತಾ ಅವನನ್ನು ದಡಕ್ಕೆ ಎಳೆದು ತಂದಳು. ಸಲಫಾಯಿ ತನ್ನ ತೀರ್ಪು ಕೊಟ್ಟಳು: "ನಿಮ್ಮ ಮನೆ ಹಿಂದುಗಡೆ ಗೋಡೆ ಇರೋ ಸಿಮೆಂಟ್ ಕೋಣೆ ಒಂದಿದೆಯಲ್ಲ, ಅದರಲ್ಲಿಟ್ಟು ಹೊರಗಿಂದ ಚಿಲಕ ಹಾಕ್ಬಿಡು. ನಿನಗೂ ನೆಮ್ಮದಿ, ಊರಿಗೂ ನೆಮ್ಮದಿ."

ಲೇಯಿತುವಿಗೆ ಮನಸ್ಸಿರಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ. ಚಿಲಕ ಬಿತ್ತು.

ಕೆಲವು ದಿನ ಕಳೆದು, ಸಲಫಾಯಿ ತೋಟದಿಂದ ಕೆಸುವಿನ ಗೆಡ್ಡೆ ಹೊತ್ತು ಬರುತ್ತಿದ್ದಳು. ಮುಂದೆ ಇಬ್ಬರು ಹೆಂಗಸರು ನಡೆಯುತ್ತಿದ್ದರು. ಸಿಮೆಂಟ್ ಕೋಣೆಯ ಕಿಟಕಿಯ ಗಾಜಿನ ಪಟ್ಟಿಗಳ ಸಂದಿಯಿಂದ ಒಂದು ದನಿ ಬಂತು.

"ಬನ್ನಿ, ಊಟ ಮಾಡೋಣ!"

"ಈಗಷ್ಟೇ ಆಯ್ತು ಅಜ್ಜ, ನೀವು ಮಾಡಿ!" ಎಂದರು ಮುಂದಿನವರು. ಸಲಫಾಯಿಯ ಬಾಯಿಯೂ ತನ್ನಷ್ಟಕ್ಕೆ ಅದನ್ನೇ ಹೇಳಿತು. ಎಲ್ಲರೂ ಮುಂದೆ ನಡೆದರು.

ಹಿಂದಿನಿಂದ ದನಿ ಮತ್ತೆ ಕೇಳಿತು. "ಬನ್ನಿ... ಯಾರಾದ್ರೂ ಬನ್ನಿ."

ಸಲಫಾಯಿ ನಿಂತುಬಿಟ್ಟಳು. ಮರ್ಯಾದೆಯ ಕರೆಯಲ್ಲಿ "ಯಾರಾದ್ರೂ" ಎಂಬ ಮಾತು ಇಲ್ಲ. ಹುಟ್ಟಿದಾಗಿನಿಂದ ಅವಳು ಯಾರ ಬಾಯಲ್ಲೂ ಅದನ್ನು ಕೇಳಿರಲಿಲ್ಲ.

ಹೊರೆ ಕೆಳಗಿಟ್ಟು ಚಿಲಕ ತೆಗೆದು ಒಳಗೆ ಹೋದಳು. ಅಜ್ಜ ಚಾಪೆಯ ಮೇಲೆ ಕೂತಿದ್ದ. ಎದುರಿಗೆ ಆರಿಹೋದ ಕೋಕೋ, ಒಂದು ಬೇಯಿಸಿದ ಬಾಳೆಕಾಯಿ.

"ಬಾ ತಾಯಿ, ಕೂತ್ಕೊ. ಎಲ್ಲಿಂದ ಬಂದೆ?"

"ಎದುರು ಮನೆಯಿಂದ, ಅಜ್ಜ."

"ಅಷ್ಟು ದೂರದಿಂದ!" ಅಜ್ಜನಿಗೆ ಮರುಕ ಉಕ್ಕಿತು. "ಸುಸ್ತಾಗಿರ್ಬೇಕು. ಮೊದ್ಲು ತಿನ್ನು." ಬಾಳೆಕಾಯಿ ಮುರಿದು ದೊಡ್ಡ ತುಂಡನ್ನು ಅವಳ ಕೈಗಿಟ್ಟ.

ಈ ಸಲ ಈಗಷ್ಟೇ ಆಯ್ತು ಎನ್ನದೆ ಸಲಫಾಯಿ ಅವನ ಎದುರು ಕೂತಳು. ಮೀನಿನ ತಲೆಯ ಲೆಕ್ಕವನ್ನು ಅವಳು ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಅಜ್ಜ ತನ್ನ ಬಳಿ ಇದ್ದದ್ದರಲ್ಲೇ ಹೆಚ್ಚಿನ ಪಾಲು ಕೊಟ್ಟಿದ್ದ. ಅವಳು ಅಳುತ್ತಾ ತಿಂದಳು. "ಉಪ್ಪು ಜಾಸ್ತಿ ಆಯ್ತಾ?" ಎಂದು ಅಜ್ಜ ಕೇಳಿದ್ದಕ್ಕೆ ಅಳುವಿನ ನಡುವೆಯೇ ನಗು ಬಂತು.

ಅವತ್ತೇ ಸಮಿತಿಯ ಸಭೆ ಕರೆದಳು. "ಇನ್ಮೇಲೆ ಅಜ್ಜನ ಮನೆಗೆ ಯಾರೂ ಹಂದಿ ತರಕೂಡದು!"

"ತಂದಿದ್ದು ನೀವೇ ಅಲ್ವಾ?" ಎಂದಳೊಬ್ಬಳು.

"ಅದಕ್ಕೇ ಹೇಳ್ತಿರೋದು!"

ಎಪೆನೆಸ ನಕ್ಕಳು. "ಹಂದಿ ಒಂದು ದಿನಕ್ಕೆ ಮುಗಿಯುತ್ತೆ ಅತ್ತೆ. ಈ ಕಾಯಿಲೆ ವರ್ಷಗಟ್ಟಲೆ ಇರುತ್ತೆ. ಕೊನೇವರೆಗೂ ಮಾಡೋಕೆ ಆಗುವಷ್ಟನ್ನೇ ಮಾಡಿ."

ಸಮಿತಿ ಕಟ್ಟುಪಾಡು ಮಾಡಿತು. ದಿನಕ್ಕೆ ಮೂರ್ನಾಲ್ಕು ಮನೆಯ ಸರದಿ. ಸರದಿಯವರು ಅಜ್ಜ ದಾರಿಗೆ ಬಂದಾಗ ಕರೆಯಬೇಕು, ನಿಜವಾಗಿ ಕರೆಯಬೇಕು. ಅವುಗಳಲ್ಲಿ ಊಟ ಹಾಕುವ ಮನೆ ಒಂದೇ. ಉಳಿದವರು "ಬನ್ನಿ, ಹುರಿ ಹೊಸೆಯೋಣ" ಎಂದೋ "ಬನ್ನಿ, ಕೂತ್ಕೊಳ್ಳೋಣ" ಎಂದೋ ಕರೆಯಬೇಕು. ಲೇಯಿತು ಯಾರಿಗೂ ಕೋಕೋ ಕುದಿಸುವ ಹಾಗಿಲ್ಲ. ಆ ಹೊತ್ತಿನಲ್ಲಿ ಅವಳು ಮಲಗಬೇಕು. ಆಗದವರು ನಾಚಿಕೆಪಡದೆ ಸರದಿಯನ್ನು ಪಕ್ಕದ ಮನೆಗೆ ದಾಟಿಸಬೇಕು. ತಿಂಗಳ ತಪಾಸಣೆಯಲ್ಲಿ ಚಾಪೆ ಮೂಸುವುದರ ಜೊತೆಗೆ "ಯಾರಿಗೆ ದಣಿವಾಗಿದೆ?" ಎಂದೂ ಕೇಳಬೇಕು. ಹೇಳಿದ್ದಕ್ಕಿಂತ ಹೆಚ್ಚು ತಂದವರಿಗೆ ದಂಡ: ಚರ್ಚಿನ ಅಂಗಳ ಗುಡಿಸುವುದು.

"ನಾನು ಯಾರು ಹೇಳಿ ಅಂತ ಅಜ್ಜನನ್ನ ಪರೀಕ್ಷೆ ಮಾಡ್ಬೇಡಿ" ಎಂದಳು ಎಪೆನೆಸ. "ನಿಮ್ಮ ಹೆಸರು ನೀವೇ ಹೇಳಿ. ತಪ್ಪು ಹೇಳಿದ್ರೆ ವಾದಕ್ಕಿಳೀಬೇಡಿ."

ಚಿಲಕ ಕಳಚಿದರು. ಅಜ್ಜ ಈಗ ದಿನವೂ ದಾರಿಯಲ್ಲಿ ನಡೆಯುತ್ತಾನೆ. ಒಂದು ಮನೆಯ ಕಣ್ಣಿನಿಂದ ಇನ್ನೊಂದು ಮನೆಯ ಕಣ್ಣಿಗೆ ದಾಟುತ್ತಾನೆ. ಸಮುದ್ರದ ಕಡೆ ತಿರುಗಿದರೆ ಯಾರಾದರೊಬ್ಬರು ಕೂಗುತ್ತಾರೆ. ತೊಡೆಯ ಮೇಲೆ ತೆಂಗಿನ ನಾರು ಇಟ್ಟರೆ ಸಾಕು, ಹೆಸರುಗಳನ್ನು ಮರೆತ ಅಜ್ಜನ ಕೈ ಹುರಿ ಹೊಸೆಯುವುದನ್ನು ಮರೆತಿಲ್ಲ. ಲೇಯಿತುವಿನ ಕಣ್ಣ ಕೆಳಗಿನ ಕಪ್ಪು ಇಳಿದಿದೆ. ಕ್ರಿಸ್ಮಸ್ ಬಂದು ಹೋಯಿತು, ಮಳೆಗಾಲ ಬಂದು ಹೋಯಿತು, ಸರದಿ ನಿಂತಿಲ್ಲ. ಕಾಯಿಲೆಯೂ ನಿಂತಿಲ್ಲ, ಈಗೀಗ ಅಜ್ಜ ಲೇಯಿತುವನ್ನೂ "ಯಾರ ಮಗಳಮ್ಮ ನೀನು?" ಎನ್ನುತ್ತಾನೆ. "ನಿಮ್ಮ ಮಗಳೇ, ಲೇಯಿತು" ಎಂದರೆ "ಹೌದಾ! ನನ್ನ ಪುಣ್ಯ" ಎಂದು ಹಿಗ್ಗುತ್ತಾನೆ. ಆ ಹಿಗ್ಗು ಅವಳಿಗೆ ದಿನವೂ ಹೊಸದಾಗಿ ಸಿಗುತ್ತದೆ.

ದಂಡ ಬಿದ್ದದ್ದು ಒಬ್ಬರಿಗೆ ಮಾತ್ರ. ಕ್ರಿಸ್ಮಸ್ ದಿನ ಕೈ ತಡೆಯಲಾರದೆ ಹಂದಿಯ ಕಾಲೊಂದನ್ನು ಎಲೆಯಲ್ಲಿ ಬಚ್ಚಿಟ್ಟು ತಂದ ಸಲಫಾಯಿ, ಇಡೀ ಊರು ನೋಡುತ್ತಿರುವಾಗ ಚರ್ಚಿನ ಅಂಗಳ ಗುಡಿಸಿದಳು. ಅಜ್ಜ ನೆರಳಲ್ಲಿ ಕೂತು ಅವಳಿಗೆ ಜೊತೆ ಕೊಟ್ಟ. "ಪಾಪ, ದೂರದಿಂದ ಬಂದವಳು" ಎಂದು ಎಲ್ಲರಿಗೂ ಹೇಳಿದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಇಂಥ ಒಬ್ಬ ಅಜ್ಜನೋ ಅಜ್ಜಿಯೋ ಇರಬಹುದು. ಅವರ ಹಿಂದೆ ನಿದ್ದೆಗೆಟ್ಟ ಒಬ್ಬಳು ಲೇಯಿತು ಇದ್ದೇ ಇರುತ್ತಾಳೆ. ಮರೆವು ದಿನದಿನಕ್ಕೆ ಹೆಚ್ಚುತ್ತಿದ್ದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. ನೆರೆಯವರಾದರೆ ಹಂದಿ ಹೊತ್ತು ಒಂದು ದಿನ ಹೋಗಬೇಡಿ. ವಾರಕ್ಕೊಂದು ಗಂಟೆ ಹೋಗಿ, ಮುಂದಿನ ವಾರವೂ ಹೋಗಿ. ನಾಲ್ಕು ಮನೆ ಸೇರಿದರೆ ಸರದಿ ಆಯಿತು. ಎದುರು ಮನೆ ಬಹಳ ದೂರ ಎನ್ನುವುದು ನಮಗೂ ಗೊತ್ತು. ಆದರೂ ಕಿಟಕಿಯಿಂದ ಯಾರಾದರೂ ಕರೆದರೆ, ಈಗಷ್ಟೇ ಆಯ್ತು ಎನ್ನದೆ ಒಮ್ಮೆ ಒಳಗೆ ಹೋಗಿ ಕೂತುಕೊಳ್ಳಿ.