ಗಂಟಿನ ಉಪವಾಸ

ಅರ್ಧ ಕಲಿತವನ ಅಬ್ಬರ ಹೆಚ್ಚು ಎನ್ನುತ್ತಾರೆ. ಪೂರ್ತಿ ಕಲಿತ ಪ್ರಾಣೇಶನ ಅಬ್ಬರವೇನೂ ಕಡಿಮೆಯದಾಗಿರಲಿಲ್ಲ. ಮುಂಬಯಿಯಲ್ಲಿ ಕ್ಯಾನ್ಸರಿನ ಜೀವಕೋಶಗಳನ್ನು ಗಾಜಿನ ಕುಪ್ಪಿಯಲ್ಲಿ ಸಾಕಿ, ಅವು ಏನು ತಿಂದು ಬೆಳೆಯುತ್ತವೆಂದು ನೋಡುವುದು ಅವನ ಕೆಲಸ. ಕನ್ನಡ ನಾಡು ಒಂದಾದ ಮರುವರ್ಷ, ಜ್ಯೇಷ್ಠದಲ್ಲಿ ತನ್ನೂರು ಹುನಗುಂದಕ್ಕೆ ಬಂದವನು ಕೇಳಿದವರಿಗೂ ಕೇಳದವರಿಗೂ ಅದೇ ಪುರಾಣ ಹೇಳಿದ. ಒಳ್ಳೆಯ ಕೋಶ ಸಕ್ಕರೆಯನ್ನು ಹದವಾಗಿ ಉರಿಸಿ ಬದುಕುತ್ತದೆ. ಕ್ಯಾನ್ಸರಿನದು ಬಕಾಸುರನ ಹಾಗೆ ಬಾಚಿ ನುಂಗಿ, ಅರೆಬರೆ ಅರಗಿಸಿ, ಹುಳಿ ಕಕ್ಕುತ್ತದೆ. ಸಕ್ಕರೆ ನಿಲ್ಲಿಸಿದರೆ ಸಾಯುತ್ತದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಮನಸ್ಸಿಟ್ಟು ಕೇಳಿದವಳು ಅವನನ್ನು ಸಾಕಿದ ಸೋದರತ್ತೆ, ವಿಧವೆ ಜಾನಕಿಬಾಯಿ. ಅವಳ ಗಲ್ಲದೊಳಗೆ ಗಂಟೊಂದು ಎದ್ದಿತ್ತು. ಯಾರಿಗೂ ಹೇಳಿರಲಿಲ್ಲ.

ಭಾದ್ರಪದದಲ್ಲಿ ಗಂಟಿನ ಸುದ್ದಿ ತಿಳಿದು ಪ್ರಾಣೇಶ ಓಡಿ ಬಂದ. ಬಾಗಲಕೋಟೆಯ ಡಾಕ್ಟರು ನೋಡಿ, "ಗಂಟು ತಗೀಬಹುದು. ಆದರ ಈ ಎಲುಬಿನ ಹಂದರ ಆಪರೇಶನ್ ತಡಕೊಳ್ಳೂದಿಲ್ರಿ. ಉಣಿಸಿ, ಮೈ ಹಿಡಿಸಿ ಕರಕೊಂಡ ಬರ್ರಿ. ಲಗೂನ," ಎಂದರು.

ಮರಳುವಾಗ ಬಸ್ಸು ಅಮೀನಗಡದಲ್ಲಿ ನಿಂತಾಗ ಅವನು ಅಂಟು-ಬೆಲ್ಲದ ಕರದಂಟು ಕೊಂಡ. ಅತ್ತೆ ಬೇಡವೆಂದು ತಲೆಯಲ್ಲಾಡಿಸಿದಳು. ಪೇಟೆಯ ತಿಂಡಿ, ಮಡಿ ಹೆಂಗಸು ಮುಟ್ಟಳು ಎಂದುಕೊಂಡ. ಮನೆಯಲ್ಲಿ ತಾನೇ ಮಡಿಯುಟ್ಟು ಹಾಲಿಗೆ ಬೆಲ್ಲ ಹಾಕಿ ಕಾಸಿ ತಂದ. ಅದನ್ನೂ ಸರಿಸಿದಳು.

"ಸಂಕಲ್ಪ ಮಾಡೇನಿ. ಚಾತುರ್ಮಾಸ ಮುಗಿಯೂತನಕ ಬೆಲ್ಲ, ಸಕ್ಕರಿ, ಅನ್ನ, ಹಾಲು ಎಲ್ಲಾ ಬಿಟ್ಟೇನಿ. ಸಕ್ಕರಿ ಸಿಗದಿದ್ರ ಅದು ಸಾಯ್ತದಂತ ನೀನ ಹೇಳಿದೆಲ್ಲೋ?"

ಪ್ರಾಣೇಶ ಹಾಲನ್ನು ಕೆಳಗಿಟ್ಟ. "ಅದು ಕುಪ್ಪಿಯೊಳಗ, ಅತ್ಯಾ. ಮೈಯೊಳಗ ಅಲ್ಲ."

"ಲಗ್ನ ಆದಾಗಿಂದ ಏಕಾದಶಿ ಮಾಡೇನಿ. ಉಪವಾಸ ನನಗ ರೂಢಿ ಅದ, ಅದಕ್ಕಿಲ್ಲ." ಅವಳು ಸೆರಗು ಸರಿಸಿ ಕಡ್ಡಿಯಂಥ ತೋಳು ತೋರಿಸಿದಳು. ಮುಖದಲ್ಲಿ ಗೆದ್ದವಳ ಕಳೆ. "ನಾನ ಇಷ್ಟು ಸೊರಗೇನಿ ಅಂದಮ್ಯಾಲೆ, ಅದು ಎಷ್ಟು ಸೊರಗಿರಬೇಕು ನೋಡು."

ಆ ಕಳೆಯನ್ನು ಒರೆಸಲು ಅವನಿಗೆ ಮನಸ್ಸಾಗಲಿಲ್ಲ. ಒರೆಸದಿದ್ದರೆ ಅವಳು ಉಳಿಯುವಂತಿರಲಿಲ್ಲ.

"ಅದು ಸೊರಗಿಲ್ಲ, ಅತ್ಯಾ. ನೀ ಉಣದಿದ್ರ ಅದು ನಿನ್ನ ರಕ್ತದಾಗಿಂದ, ಮಾಂಸದಾಗಿಂದ ತಗೋತದ. ಉಪವಾಸ ನಿನಗೊಬ್ಬಾಕಿಗೇ."

ಜಾನಕಿಬಾಯಿ ಸೆರಗೆಳೆದು ತೋಳು ಮುಚ್ಚಿಕೊಂಡಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಅಂದ್ರ ಇಷ್ಟು ದಿನ ಆ ಗಂಟಿಗೆ ನನ್ನ ಮೈಯನ್ನ ಉಣಬಡಿಸೇನಿ," ಎಂದಳು. ಆಮೇಲೆ, "ವ್ರತ ಮುರಿದ ಪಾಪ ನನಗಿರಲಿ. ತಾ ಇಲ್ಲೆ," ಎಂದಳು.

ಬಾಯಿ ತೆರೆಯಲು ನೋಡಿದಳು. ಗಂಟು ಬೆಳೆದು ಬಿಗಿದ ದವಡೆ ಕಿರುಬೆರಳು ಹೋಗುವಷ್ಟೂ ತೆರೆಯಲಿಲ್ಲ. ಪ್ರಾಣೇಶ ದೇವರ ಮನೆಗೆ ಹೋಗಿ ತೀರ್ಥ ಕೊಡುವ ಪುಟ್ಟ ಉದ್ಧರಣೆ ತಂದು, ಹಾಲನ್ನು ಹನಿಹನಿಯಾಗಿ ತುಟಿಯ ಸಂದಿಗೆ ಬಿಟ್ಟ. ಮೊದಲ ಗುಟುಕು ಇಳಿಯಿತು.

"ಇನ್ನೊಂದು ಹಾಕು," ಎಂದಳು.

ಹಾಕಿದ. ಅದು ತುಟಿಯ ಕೊನೆಯಿಂದ ಹೊರಬಂದು ಗದ್ದದ ಮೇಲೆ ಹರಿಯಿತು. ಅವಳು ಅದನ್ನು ಬೆರಳಿಂದ ಬಳಿದು ಮತ್ತೆ ಬಾಯಿಗೆ ತಳ್ಳಿಕೊಂಡಳು.