ಕೊನೆಯ ಪುಟದ ಕೆಂಪು ಶಾಯಿ

ನಮ್ಮ ಮನೆಗೆ ಯಾರೇ ಬರಲಿ, ಕೂತು ಚಹಾ ಕುಡಿಯುವ ಮೊದಲೇ ನನ್ನ ಕಪಾಟನ್ನು ನೋಡಬೇಕಿತ್ತು. ನಾಲ್ಕು ಅಂತಸ್ತಿನಲ್ಲೂ ಒಬ್ಬರೇ ಲೇಖಕರು: ಮುಡೋನ್ ಲ್ವಿನ್. ನೂರ ನಲವತ್ತಮೂರು ಕಾದಂಬರಿಗಳು. ವರ್ಷಕ್ಕೆ ಐದು ಬರೆದ ಕಾಲವೂ ಅವರಿಗಿತ್ತು. ಗಂಡ ಹಾಸಿಗೆ ಹಿಡಿದ ಎರಡು ವರ್ಷ, ಅವನು ಹೋದಮೇಲಿನ ಖಾಲಿ ಮಧ್ಯಾಹ್ನಗಳು, ಎಲ್ಲವನ್ನೂ ನಾನು ದಾಟಿದ್ದು ಆ ಪುಸ್ತಕಗಳನ್ನು ಹಿಡಿದುಕೊಂಡೇ. “ಒಂದನ್ನೂ ಬಿಡದೆ ಓದಿದೀನಿ” ಎಂದು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ಜಂಬಕ್ಕೇನು ಬರ?

ಅವೆಲ್ಲ ಹೊಸದಾಗಿ ಕೊಂಡವಲ್ಲ. ನಮ್ಮೂರು ಮೌಲಮೈನಿನ ದೊಡ್ಡ ಮಾರುಕಟ್ಟೆಯ ಹಿಂದೆ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಅದು ಮುಚ್ಚಿದಾಗ ಲ್ವಿನ್ ಅವರ ಪುಸ್ತಕಗಳನ್ನಷ್ಟೇ ಆರಿಸಿ ಸೈಕಲ್ ರಿಕ್ಷಾದಲ್ಲಿ ಹೇರಿಕೊಂಡು ಬಂದೆ. ಆ ಅಂಗಡಿಯ ಗಿರಾಕಿಗಳಿಗೆ ಒಂದು ಚಟವಿತ್ತು. ಓದಿ ಮುಗಿಸಿದವರು ಕೊನೆಯ ಪುಟದಲ್ಲಿ ಮುಂದಿನವರಿಗಾಗಿ ಒಂದು ಮಾತು ಬರೆದಿಡುತ್ತಿದ್ದರು. ‘ಅಳು ಬರುತ್ತೆ, ಕರ್ಚೀಫ್ ಇಟ್ಕೊಳ್ಳಿ’, ‘ನಾಯಕ ಸಾಯಲ್ಲ, ಹೆದರಬೇಡಿ’. ಅಂಗಡಿಯಾತ ಬೈಯುತ್ತಿದ್ದ. ಆದರೂ ಪುಸ್ತಕ ಆರಿಸುವಾಗ ಎಲ್ಲರೂ ಮೊದಲು ತಿರುಗಿಸುತ್ತಿದ್ದುದು ಆ ಪುಟವನ್ನೇ. ನಾನೂ ಬರೆಯುತ್ತಿದ್ದೆ. ಆಗಷ್ಟೇ ಶಾಲೆಗೆ ಸೇರಿದ್ದ ಮೇಡಮ್ಮು, ಕೈಯಲ್ಲಿ ಕೆಂಪು ಶಾಯಿಯ ಪೆನ್ನು, ಕೇಳಬೇಕೆ.

ಹೋದ ಮಳೆಗಾಲದಲ್ಲಿ ಲ್ವಿನ್ ಅವರೇ ನಮ್ಮ ಬೀದಿಗೆ ಬಂದು ನೆಲೆಸಿದರು, ತಮ್ಮ ತಂಗಿಯ ಮನೆಯಲ್ಲಿ. ಎಂಬತ್ತೊಂದು ವಯಸ್ಸು. ಒಂದು ಬೆಳಿಗ್ಗೆ ಕೊಡೆ ಮಡಚುತ್ತಾ ನಮ್ಮ ಮೆಟ್ಟಿಲ ಬಳಿ ನಿಂತಿದ್ದರು. ನಾನು ಓಡಿ ಕುರ್ಚಿ ಎಳೆದಿಟ್ಟೆ. ಜೊತೆಗಿದ್ದ ನನ್ನ ತಂಗಿ ಯಿನ್ ಶ್ವೆ ಉಪ್ಪಿನಲ್ಲಿ ಹಾಕಿದ ಚಹಾ ಎಲೆಯ ತಟ್ಟೆ ತಂದಿಟ್ಟಳು.

“ಸಯಾಮಾ, ನನ್ನ ಪುಸ್ತಕ ನನ್ನ ಹತ್ರಾನೇ ಇಲ್ಲ. ಗೆದ್ದಲು ತಿಂದ್ಬಿಡ್ತು,” ಎಂದರು. ಮೇಷ್ಟರು ಸಯಾ, ಮೇಡಮ್ಮು ಸಯಾಮಾ. ಬರಹಗಾರರೂ ನಮಗೆ ಸಯಾನೇ. “ಯಾಂಗೋನಿನ ಪ್ರಕಾಶಕರು ಒಂದನ್ನ ಮತ್ತೆ ಅಚ್ಚು ಹಾಕ್ತೀವಿ ಅಂತಿದಾರೆ. ಯಾವುದು ಬೇಕು ಅಂದ್ರು. ‘ಸಲ್ವಿನ್ ಹೊಳೆ ದಾಟಿದ ಮದುಮಗಳು’ ಅಂದೆ. ನಿಮ್ಮಲ್ಲಿ ಇದೆಯಂತೆ?”

“ಇಲ್ದೆ ಏನು ಸಯಾ! ಅಕ್ಕ ನಿಮ್ಮ ಒಂದಕ್ಷರಾನೂ ಬಿಟ್ಟಿಲ್ಲ. ಅನ್ನ ಸೀದ್ರೂ ಪುಟ ಬಿಟ್ಟು ಏಳಲ್ಲ,” ಎಂದಳು ಯಿನ್ ಶ್ವೆ.

ಅವರು ನಾಚಿಕೊಂಡು ನಕ್ಕರು. ನಾನು ಧೂಳು ಒರೆಸಿ ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟೆ. ಒಂದು ಪುಟ ತಿರುವಿ ನೋಡುವ ಬುದ್ಧಿ ಬರಲಿಲ್ಲ.

ಮೂರು ದಿನ ಬಿಟ್ಟು ಮತ್ತೆ ಬಂದರು. ಕೂರುತ್ತಲೇ ಕೊನೆಯ ಪುಟ ತೆರೆದು ನನ್ನ ಮುಂದಿಟ್ಟರು. ಕೆಂಪು ಶಾಯಿಯ ದುಂಡು ಅಕ್ಷರ: ‘ಈತನ ಬಳಿ ಹೇಳುವುದಕ್ಕೆ ಇನ್ನೇನೂ ಉಳಿದಿಲ್ಲ. ಕೊನೆವರೆಗೂ ಓದಿ ನಾನು ಕೆಟ್ಟೆ, ನೀವು ಕೆಡಬೇಡಿ.’

“ಯಾರು ಬರೆದಿದ್ದು ಅಂತ ಗೊತ್ತಾ, ಸಯಾಮಾ?”

“ಬಾಡಿಗೆ ಪುಸ್ತಕ ಅಲ್ವಾ ಸಯಾ. ಯಾರೋ ಕಾಲೇಜಿನ ಪೋಕರಿ ಇರಬೇಕು,” ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ, ಅದೇ ನನಗೆ ಆಶ್ಚರ್ಯ.

“ಪೋಕರಿ ಅಲ್ಲ. ಅಕ್ಷರ ನೋಡಿ, ಎಷ್ಟು ಮುದ್ದಾಗಿದೆ.” ಅವರು ಆ ಸಾಲಿನ ಮೇಲೆ ಬೆರಳಾಡಿಸಿದರು. “ಇದನ್ನ ಆಸ್ಪತ್ರೆ ವರಾಂಡದಲ್ಲಿ ಕೂತು ಬರೆದೆ. ಹೆಂಡತಿ ಒಳಗೆ ಮಲಗಿದ್ಲು. ದಿನಾ ಸಂಜೆ ಅವತ್ತಿಂದು ಓದಿ ಹೇಳ್ತಿದ್ದೆ. ಕೊನೇ ಪುಟ ಕೇಳಿ ಎರಡೇ ದಿನ ಇದ್ಲು. ಚೆನ್ನಾಗಿದೆ ಅಂದ್ಲು. ಅವಳು ನನ್ನ ಸಮಾಧಾನಕ್ಕೆ ಅಂದಿರಬೇಕು, ಈಗ ಹಾಗನ್ನಿಸ್ತಿದೆ.”

“ಯಾರೋ ಗೀಚಿದ್ದಕ್ಕೆ ಯಾಕೆ ಮನಸ್ಸು ಕೆಡಿಸ್ಕೊಳ್ತೀರಿ ಸಯಾ?”

“ಸಾಲ ಪಡೆದವರ ಹಾಗೆ ಹೊಗಳೋರು ಬೇಕಾದಷ್ಟು ಜನ ಇದ್ರು. ಇವರು ಪೂರ್ತಿ ಓದಿ ಹೇಳಿದಾರೆ. ಅಚ್ಚು ಹಾಕಿಸ್ಲೋ ಬೇಡ್ವೋ ಅಂತ ಯೋಚನೆ ಹತ್ತಿದೆ.”

‘ಪೂರ್ತಿ ಓದಿ’ ಎಂಬ ಮಾತೇ ನನಗೆ ಚುಚ್ಚಿದ್ದು. ಯಾಕೆಂದರೆ ಆ ಪುಸ್ತಕವನ್ನು ನಾನು ಓದಿಯೇ ಇರಲಿಲ್ಲ. ನನಗಾಗ ಇಪ್ಪತ್ತನಾಲ್ಕು. ಗೊತ್ತಾಗಿದ್ದ ಮದುವೆ ಮುರಿದು ಒಂಬತ್ತು ದಿನ. ಇಪ್ಪತ್ತು ಪುಟ ಓದುವಷ್ಟರಲ್ಲಿ ಮದುಮಗಳ ಸಿಂಗಾರ ಶುರುವಾಯಿತು. ಮೈಯೆಲ್ಲ ಉರಿದು, ನೇರ ಕೊನೆಯ ಪುಟಕ್ಕೆ ಹಾರಿ, ಅಷ್ಟು ಬರೆದು ಅಂಗಡಿಗೆ ಎಸೆದು ಬಂದೆ. ಆಮೇಲೆ ಅದು ನನ್ನದೇ ಕಪಾಟಿಗೆ ಬಂದು ಕೂತರೂ ಅದನ್ನು ಮಾತ್ರ ತೆರೆಯಲಿಲ್ಲ. ನಿಜ ಹೇಳಿದ್ದರೆ ಅವರ ಅನುಮಾನ ಅಲ್ಲೇ ಸಾಯುತ್ತಿತ್ತು. ನಿಜ ಹೇಳಿದ್ದರೆ ಒಂದನ್ನೂ ಬಿಡದೆ ಓದಿದವಳು ಎಂಬ ನನ್ನ ದೊಡ್ಡಸ್ತಿಕೆಯೂ ಸಾಯುತ್ತಿತ್ತು. ನಾನು ಯಾವುದನ್ನು ಉಳಿಸಿಕೊಂಡೆ ಎಂದು ಬರೆಯಲಿಕ್ಕೂ ನಾಚಿಕೆಯಾಗುತ್ತದೆ.

ಅವರು ಪುಸ್ತಕ ಹಿಡಿದು ಹೊರಟ ಕೂಡಲೇ ಯಿನ್ ಶ್ವೆ ಅಡುಗೆಮನೆಯಿಂದ ಬಂದಳು. ಚಹಾ ತಂದಿಡುವಾಗ ಆ ಪುಟ ಅವಳ ಕಣ್ಣಿಗೂ ಬಿದ್ದಿತ್ತು.

“ಅದು ನಿನ್ನ ಅಕ್ಷರ ಅಲ್ವೇನೇ? ಗೋಡೆ ಮೇಲಿನ ದಿನಸಿ ಚೀಟೀಲೂ ಅದೇ ದುಂಡು!”

“ಮೆಲ್ಲಗೆ ಮಾತಾಡು. ಅದೊಂದನ್ನ ನಾನು ಓದೇ ಇಲ್ಲ ಕಣೇ.”

“ಇನ್ನೇನು ಮೆಲ್ಲಗೆ? ಓದದೇನೇ ಬರೆದೆ ಅಂತ ಹೇಳ್ಬಿಡು. ತಡಿಂಜು ಹುಣ್ಣಿಮೆಗೆ ಹೇಗೂ ಅವರಿಗೆ ನಮಸ್ಕಾರ ಮಾಡೋಕೆ ಹೋಗ್ಬೇಕು. ಕ್ಷಮೆ ಕೇಳೋ ಹಬ್ಬಾನೇ ಅದು. ಅವತ್ತಾದ್ರೂ ಬಾಯಿ ಬಿಡು, ಮಹರಾಯ್ತಿ.”

ಹುಣ್ಣಿಮೆಗೆ ಎರಡು ವಾರವಿತ್ತು. ಅಷ್ಟೂ ದಿನ ಅವರು ಬೀದಿಯಲ್ಲಿ ಕಂಡರೆ ನಾನು ಬಾಗಿಲ ಸಂದಿಗೆ ಸರಿಯುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದೆನೋ.

ಹಬ್ಬದ ಬೆಳಿಗ್ಗೆ ಬಾಳೆಗೊನೆ, ತೆಂಗಿನಕಾಯಿ, ಹೊಸ ಟವೆಲು ಬುಟ್ಟಿಯಲ್ಲಿಟ್ಟುಕೊಂಡು ಹೋದೆ. ಲ್ವಿನ್ ಕುರ್ಚಿಯಲ್ಲಿ ಕೂತಿದ್ದರು. ಚಾಪೆಯ ಮೇಲೆ ಮಂಡಿಯೂರಿ ಕೈಮುಗಿದೆ. ಪ್ರತಿವರ್ಷ ಹಿರಿಯರ ಮುಂದೆ ಹೇಳುವ ಮಾತು ಬಾಯಿಗೆ ತಾನಾಗಿ ಬಂತು: ದೇಹದಿಂದ, ಮಾತಿನಿಂದ, ಮನಸ್ಸಿನಿಂದ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳನ್ನೆಲ್ಲ ಮನ್ನಿಸಬೇಕು. ‘ತಿಳಿದೋ’ ಎಂಬಲ್ಲಿ ನಿಂತೆ. ಅಲ್ಲೇ ಹೇಳಬೇಕಿತ್ತು. ಅವರು ಕಾಯುತ್ತಿದ್ದರು, ಮುದುಕಿ ಮರೆತಳು ಅಂದುಕೊಂಡಿರಬೇಕು. “ತಿಳಿಯದೆಯೋ,” ಎಂದು ಅವರೇ ಎತ್ತಿಕೊಟ್ಟರು. ನಾನು ಅದನ್ನು ಹಿಡಿದುಕೊಂಡು ಮಿಕ್ಕಿದ್ದನ್ನು ಗಡಗಡ ಹೇಳಿ ಮುಗಿಸಿ, ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿದೆ.

“ಎಲ್ಲಾ ಮನ್ನಿಸಿದೀನಿ ಸಯಾಮಾ. ನೂರು ವರ್ಷ ಆರೋಗ್ಯವಾಗಿರಿ,” ಎಂದು ಹರಸಿದರು.

ಏಳುವಾಗ ಆ ಪುಸ್ತಕವನ್ನು ನನ್ನ ಬುಟ್ಟಿಗೆ ಹಾಕಿದರು.

“ಪ್ರಕಾಶಕರಿಗೆ ಬೇಡ ಅಂತ ಪತ್ರ ಹಾಕ್ಬಿಟ್ಟೆ. ಮೆಚ್ಚದೇ ಇದ್ರೂ ಕೊನೇವರೆಗೂ ಓದಿದಾರಲ್ಲ, ಅಂಥವರ ಮಾತು ತಳ್ಳಿಹಾಕೋಕಾಗಲ್ಲ. ಬರೆದವರು ಯಾರು ಅಂತ ಎಲ್ಲಾದ್ರೂ ಗೊತ್ತಾದ್ರೆ ಅವರಿಗೆ ಹೇಳಿ, ನನಗೆ ಕೋಪ ಇಲ್ಲ ಅಂತ.”

“ಹೇಳ್ತೀನಿ ಸಯಾ.”

ಮನೆಯ ಮೆಟ್ಟಿಲಲ್ಲೇ ಯಿನ್ ಶ್ವೆ ಕಾದು ನಿಂತಿದ್ದಳು. “ಏನಂದ್ರು?”

“ಮನ್ನಿಸಿದೀನಿ ಅಂದ್ರು.”

“ನೋಡಿದ್ಯಾ! ಹೇಳ್ಬಿಟ್ರೆ ಎಷ್ಟು ಸುಲಭ!” ಎಂದು ಅವಳು ಸಂತೋಷದಿಂದ ನನ್ನ ಬೆನ್ನು ತಟ್ಟಿದಳು.